ವಿಷಕ್ಕೆ ಕೊಟ್ಟ ಸಕ್ಕರೆ

ಕಳೆ ಸಾಯಲೆಂದು ಸಿಂಪಡಿಸಿದ ವಿಷದ ಕಣವೊಂದು ಹೊಲದ ಸೋಯಾ ಗಿಡದ ಎಲೆಯೊಳಕ್ಕೆ ನುಸುಳಿತು. ಎಣ್ಣೆ ಸವರಿದಂಥ ಮೈ ಅದರದು. ಎಲೆಯೊಳಗಿನ ಯಾವ ಗೋಡೆ ಅಡ್ಡ ಬಂದರೂ ಸಲೀಸಾಗಿ ಜಾರಿ ಮುಂದಿನ ಕೋಣೆಗೆ ದಾಟುತ್ತಿತ್ತು. ಅದು ಹೋದಲ್ಲೆಲ್ಲ ಹಸಿರು ಬಾಡುತ್ತಿತ್ತು.

“ಹೊರಟುಹೋಗು!” ಎಂದು ಗಿಡ ಗದರಿತು.

“ನನ್ನನ್ನು ತಡೆಯುವ ಗೋಡೆ ನಿನ್ನಲ್ಲಿಲ್ಲ” ಎಂದು ವಿಷ ನಕ್ಕಿತು.

ಗಿಡಕ್ಕೆ ಜೀವ ಬಾಯಿಗೆ ಬಂತು. ಗದರಿ ಫಲವಿಲ್ಲವೆಂದು ತಿಳಿದ ಮೇಲೆ ಅದು ಕಾಯಿ ಕಟ್ಟಲು ಬಿಸಿಲಲ್ಲಿ ದುಡಿದು ಕೂಡಿಟ್ಟಿದ್ದ ಸಕ್ಕರೆಯನ್ನು ನೆನೆಯಿತು. ಕೊಡಲು ಮನಸ್ಸು ಬರಲಿಲ್ಲ. ಆದರೆ ತಾನೇ ಉಳಿಯದಿದ್ದರೆ ಕಾಯಿ ಕಟ್ಟುವವರು ಯಾರು?

“ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ಇದನ್ನು ತೆಗೆದುಕೊಳ್ಳಿ” ಎಂದು ಒಂದು ಹರಳು ನೀಡಿತು.

ಗಿಡ ಸೋತಿತೆಂದು ಬೀಗಿದ ವಿಷ ಸಕ್ಕರೆಯನ್ನು ಬಾಚಿ ತಬ್ಬಿಕೊಂಡಿತು. ಸಕ್ಕರೆ ಅದರ ಮೈಗೆ ಗಟ್ಟಿಯಾಗಿ ಅಂಟಿತು. ಗಿಡ ಅದನ್ನು ಉಪಚರಿಸುತ್ತಲೇ ನಡುಮನೆಯ ನೀರಿನ ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿತು.

ವಿಷ ಎಂದಿನಂತೆ ಗೋಡೆ ದಾಟಲು ಹೋಗಿ ಮುಗ್ಗರಿಸಿತು. ಮತ್ತೆ ನುಗ್ಗಿತು, ಮತ್ತೆ ಬಿತ್ತು.

“ಇದೇನು, ನನಗೆ ಜಾರಲು ಆಗುತ್ತಿಲ್ಲವಲ್ಲ!”

“ಸಕ್ಕರೆ ಹೊತ್ತವರು ನೀರಿನ ಪಾಲು, ಎಣ್ಣೆಯ ಜಾರು ಅವರಿಗೆ ಉಳಿಯುವುದಿಲ್ಲ. ಇನ್ನು ನೀವು ಇಲ್ಲೇ ಇರಿ, ನನಗೇನೂ ತೊಂದರೆಯಿಲ್ಲ” ಎಂದಿತು ಗಿಡ.

ವಿಷ ಒಳಗೆ ಗೊಣಗುತ್ತಲೇ ಇತ್ತು. ಗಿಡ ಮಾತ್ರ ಮುದುಡಿದ ಎಲೆಗಳನ್ನು ಒಂದೊಂದಾಗಿ ಬಿಡಿಸಿ, ನಿರಾಳವಾಗಿ ಉಸಿರಾಡಿತು.