ಕರ್ತನ ಪಂಕ್ತಿಗೆ ಬೇಡವಾದ ಹೆಸರು

ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಓದಿದವಳು ನಾನು. ನನ್ನ ಅಕ್ಷರ ಅಂಕುಡೊಂಕು, ಮಾತು ಬಡವು. ಆದರೂ ಪೂಜ್ಯ ಸಿಮೆಯೋನ ಅಯ್ಯನವರಿಂದ ನನಗಾದ ಉಪಕಾರವನ್ನು ಹೇಳದೆ ಉಳಿದರೆ ತಪ್ಪಾದೀತೆಂಬ ಭಯದಿಂದ ಮೊದಲ ಬಾರಿ ಬರೆಯಲು ಕುಳಿತಿದ್ದೇನೆ.

ಅಯ್ಯನವರು ನಮ್ಮ ನೇಕಾರರ ಕೇರಿಯ ಸಭೆಗೆ ಉಪದೇಶಿಗಳಾಗಿದ್ದರು. ಭಾನುವಾರ ವೇದವಾಕ್ಯ ಬೋಧಿಸಿ, ಉಳಿದ ದಿನಗಳಲ್ಲಿ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದರು. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವವರು ಹಿಂದಿನ ದಿನವೇ ಅವರ ಮನೆಗೆ ಹೋಗಿ ಹೆಸರು ಬರೆಸುವುದು ನಮ್ಮ ಸಭೆಯ ವಾಡಿಕೆ. ಯಾರ ಮೇಲಾದರೂ ದೂರಿದ್ದರೆ ಅಂದೇ ತಿಳಿಸಬೇಕು.

ಆ ಶನಿವಾರ ದೂರು ಹೊತ್ತು ಹೋದವಳು ನಾನು. ನನ್ನ ತಮ್ಮನ ಹೆಂಡತಿ ಪ್ರಿಸ್ಕಿಲ್ಲ ಅವನನ್ನು ಬಿಟ್ಟು, ಬೇರೊಬ್ಬನೊಡನೆ ಮೂರು ವರ್ಷ ಬಾಳಿ ಹಿಂದಿರುಗಿದ್ದಳು. ತಮ್ಮ ಕ್ಷಮಿಸಿ ಮನೆಗೆ ಸೇರಿಸಿಕೊಂಡ. ಸಭೆಯ ಮುಂದೆ ತಪ್ಪೊಪ್ಪಿಕೊಂಡ ಅವಳು ಆರು ತಿಂಗಳು ಕರ್ತನ ಭೋಜನವಿಲ್ಲದೆ ಹಿಂದಿನ ಸಾಲಿನಲ್ಲಿ ಅಳುತ್ತ ಕುಳಿತಳು. ಆ ಗಡುವು ಮುಗಿದು ಮರುದಿನ ಅವಳೂ ಪಂಕ್ತಿಗೆ ಸೇರುವವಳಿದ್ದಳು. ಆ ಕಣ್ಣೀರನ್ನು ನಾನು ಒಂದು ದಿನವೂ ನಂಬಲಿಲ್ಲ. ಅವಳು ನೀರಿಗೆ ಹೋದರೂ ಹಿಂದೆಯೇ ಹೋಗಿ ನೋಡುತ್ತಿದ್ದೆ.

"ಅಯ್ಯಾರ, ಪ್ರಿಸ್ಕಿಲ್ಲನ ಹೆಸರು ಬರದೀರೇನ್ರಿ?"

"ಬರದೇನಿ."

"ಹೊಡದ್ ಹಾಕ್ರಿ. ಆಕಿ ಅಳೂದೆಲ್ಲಾ ಸೋಗು. ಪ್ರಾರ್ಥನಿ ವ್ಯಾಳ್ಯಾದಾಗ ಕಣ್ಣ ಸುದ್ಧಾ ಮುಚ್ಚಂಗಿಲ್ಲ. ನಾನ ಕಣ್ಣಾರೆ ನೋಡೇನಿ."

ಅಯ್ಯನವರ ಮೀಸೆಯಡಿ ನಗು ಸುಳಿಯಿತು. "ಪ್ರತಿ ವಾರಾ ನೋಡೀಯೇನು, ಲುದ್ಯವ್ವಾ?"

"ಒಂದ್ ವಾರಾನೂ ತಪ್ಪಿಸಿಲ್ರಿ!"

ಅವರು ಕುಣಿಯಲ್ಲಿ ಕುಳಿತಂತೆಯೇ ಮತ್ತೆ ಲಾಳಿ ಎಸೆದರು. ಅದರ ಮೇಲೂ ನನಗೆ ಸಂಶಯ. ಪ್ರಿಸ್ಕಿಲ್ಲ ಅವರ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ಅದಕ್ಕೇ ಈ ಪಕ್ಷಪಾತವಿರಬಹುದೇ ಎಂದುಕೊಂಡೆ. ಇಂಥ ಮಹಾತ್ಮರನ್ನು ಹಾಗೆ ಶಂಕಿಸಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅವರು ಕುಣಿಯಿಂದ ಮೇಲೆದ್ದು ಪಟ್ಟಿಯನ್ನೂ ಪೆನ್ಸಿಲನ್ನೂ ನನ್ನ ಕೈಗಿತ್ತರು.

"ಇದರಾಗ ಪಾಪ ಇಲ್ಲದವ್ರ ಹೆಸರು ಯಾವುದೈತಿ, ನೀನ ಹೊಡದ್ ಹಾಕವ್ವಾ. ಯೇಸುಸ್ವಾಮಿ ಪಾಪಿಗಳನ್ನ ಊಟಕ್ಕ ಕರದಾರ. ತಾವ ನೀತಿವಂತರು ಅನ್ನಾವ್ರಿಗೆ ಇಲ್ಲಿ ಎಲಿ ಇಲ್ಲ."

ಪಟ್ಟಿಯ ಮೊದಲ ಹೆಸರು ಸಿಮೆಯೋನ. ಯಾರನ್ನೂ ನೋಯಿಸದ ಆ ಪುಣ್ಯಾತ್ಮರು ಪಾಪಿಗಳ ಸಾಲಿನ ತಲೆಗೆ ತಮ್ಮನ್ನೇ ಬರೆದುಕೊಂಡಿದ್ದರು. ಪೆನ್ಸಿಲು ಹಿಡಿದು ಕೊನೆಯವರೆಗೂ ಓದಿದೆ. ಕೊನೆಯದು ಪ್ರಿಸ್ಕಿಲ್ಲಳದು. ಅದರಲ್ಲಿ ನನ್ನ ಹೆಸರೇ ಇರಲಿಲ್ಲ! ದೂರು ಹೇಳುವ ಅವಸರದಲ್ಲಿ ಬರೆಸುವುದನ್ನೇ ಮರೆತಿದ್ದೆ. ಕೇರಿಯವರೆಲ್ಲ ಒಳಗಿದ್ದರು, ಹೊರಗೆ ಉಳಿದ ನೀತಿವಂತೆ ನಾನೊಬ್ಬಳೇ.

ಪೆನ್ಸಿಲನ್ನು ಅವರ ಕೈಗೇ ಹಿಂದಿರುಗಿಸಿದೆ. "ನನ್ನ ಹೆಸರೂ ಬರೀರಿ, ಅಯ್ಯಾರ."

"ಎಲ್ಲಿ ಬರೀಲಿ?"

"ಆಕಿ ಕೆಳಗ ಬರೀರಿ."

ಮರುದಿನ ಪ್ರಿಸ್ಕಿಲ್ಲ ಕುಡಿದ ಪಾತ್ರೆಯಲ್ಲೇ ನಾನೂ ಕುಡಿದೆ. ಸಂಶಯಪಡುವ ಗುಣ ನನ್ನನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಈಗ ಅದು ಮೊದಲು ನನ್ನ ಮೇಲೆಯೇ ಬರುತ್ತದೆ.

ಬರೆದುದರಲ್ಲಿ ತಪ್ಪುಗಳಿದ್ದರೆ ಓದಿದವರು ದಯವಿಟ್ಟು ಕ್ಷಮಿಸಬೇಕು.