ಸಂತೆಗೆ ಬಂದ ಬಾಕು

ಹಿರೇಕೋಟೆ ಎಂಬ ಊರಿನಲ್ಲಿ ದನದ ಸಂತೆ ನಡೆಯುತ್ತಿತ್ತು. ಅಲ್ಲಿ ಒಂದು ಕಾನೂನಿತ್ತು. ಸಂತೆಗೆ ಬರುವವರು ಕತ್ತಿ, ಬಾಕು ಏನಿದ್ದರೂ ಊರಬಾಗಿಲಲ್ಲಿ ಕೊಟ್ಟು ಒಳಗೆ ಬರಬೇಕು. ಹೋಗುವಾಗ ಇಸಿದುಕೊಳ್ಳಬೇಕು. ನ್ಯಾಯ ಹೇಳುವ ನಾಡಗೌಡನಿಗೂ ಅದೇ ಕಾನೂನು.

ಒಮ್ಮೆ ಸಂತೆಯ ದಿನ ಬಾಕು ಹಿಡಿದ ಕಳ್ಳರು ಬಂದರು. ಬಾಗಿಲು ಕಾಯುವ ಮುದಕಪ್ಪನನ್ನು ಕಟ್ಟಿಹಾಕಿ ಎತ್ತುಗಳನ್ನು ಹೊಡೆದುಕೊಂಡು ಹೋದರು. ಜಟ್ಟೆಪ್ಪ ಎಂಬವನ ಎತ್ತುಗಳೂ ಹೋದವು. ತಡೆಯಲು ಯಾರ ಕೈಯಲ್ಲೂ ಏನೂ ಇರಲಿಲ್ಲ.

ಚಾವಡಿಯಲ್ಲಿ ಪಂಚಾಯಿತಿ ಸೇರಿತು. ಜಟ್ಟೆಪ್ಪ ಮಾತಿನಲ್ಲಿ ಗಟ್ಟಿಗ. “ಕಳ್ಳ ಬಾಕು ಕೊಟ್ಟು ಒಳಗೆ ಬರ್ತಾನೇನು? ಕಾನೂನು ಕೇಳೋರ ಕೈ ಮಾತ್ರ ಖಾಲಿ” ಅಂದ. ಎಲ್ಲರೂ ಹೌದು ಹೌದು ಎಂದರು.

ಮುದಕಪ್ಪ ಒಬ್ಬ ಒಪ್ಪಲಿಲ್ಲ. “ಹಗಲೆಲ್ಲ ಬೈದಾಡಿದವರು ಸಂಜೆ ನಗ್ತಾ ಬಂದು ನನ್ನ ಹತ್ರ ಬಾಕು ಕೇಳ್ತಾರೆ. ಅದು ಅವರ ಸೊಂಟದಲ್ಲೇ ಇದ್ದಿದ್ರೆ?”

“ಅಜ್ಜಾ, ಮೊದಲು ನಿನ್ನ ಸೊಂಟ ನೋಡ್ಕೋ. ಹಗ್ಗದ ಗುರುತು ಇನ್ನೂ ಹೋಗಿಲ್ಲ” ಎಂದ ಜಟ್ಟೆಪ್ಪ. ಚಾವಡಿಯೆಲ್ಲ ನಕ್ಕಿತು. ಕಾನೂನು ಹೋಯಿತು.

ಮುಂದಿನ ಸಂತೆಗೆ ಹೊರಡುವಾಗ ಜಟ್ಟೆಪ್ಪನ ಹೆಂಡತಿ ಗಂಗವ್ವ ಬಾಕು ಮನೆಯಲ್ಲೇ ಇರಲಿ ಎಂದಳು. ಎಲ್ಲರೂ ತರುತ್ತಾರೆ, ನಾನೊಬ್ಬ ಖಾಲಿ ಕೈಲಿ ಹೋಗಲೇ ಎಂದು ಜಟ್ಟೆಪ್ಪ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ದನದ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈ ಮೇಲೆ ಹೆಗಲ ಬಟ್ಟೆ, ಅಂದರೆ ವಲ್ಲಿ, ಮುಚ್ಚಿ, ಅದರ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಮನೆಯಲ್ಲಿ ಉಳಿದಿದ್ದ ಒಂದು ಎತ್ತನ್ನು ಮಾರಲು ಜಟ್ಟೆಪ್ಪ ಗೆಳೆಯ ಬರಮಪ್ಪನ ಜೊತೆ ಹಾಗೆ ಕೂತಿದ್ದ. ಗಂಗವ್ವ ಎತ್ತಿನ ಹಗ್ಗ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಬೆಲೆ ಕೂಡಲಿಲ್ಲ. “ಈ ಎತ್ತಿಗಿಂತ ನಿನ್ನ ಬಾಯೇ ಚಲೋ ಉಳ್ತದೆ ಬಿಡಪ್ಪ” ಎಂದು ಬರಮಪ್ಪ ಚೇಷ್ಟೆ ಮಾಡಿದ. ಮಾತಿಗೆ ಮಾತು ಬೆಳೆಯಿತು. ಇಂಥ ಜಗಳ ಪ್ರತಿ ಸಂತೆಯಲ್ಲೂ ಇದ್ದದ್ದೇ.

ಬರಮಪ್ಪ ಬೆರಳು ಬಿಟ್ಟ. ವಲ್ಲಿಯ ಕೆಳಗೇ ಅವನ ಕೈ ಸೊಂಟಕ್ಕೆ ಹೋಯಿತು. ಅವನು ತೆಗೆಯಹೋದದ್ದು ಎಲೆಅಡಿಕೆ ಚೀಲ. ಜಟ್ಟೆಪ್ಪನಿಗೆ ಹಾಗೆ ಅನಿಸಲಿಲ್ಲ. ಬಾಕು ಹಿರಿದ. ಗಂಗವ್ವ ಹಗ್ಗ ಬಿಟ್ಟು ನಡುವೆ ಬಂದಳು.

ಏಟು ಅವಳಿಗೆ ಬಿತ್ತು. ಅವಳು ಉಳಿಯಲಿಲ್ಲ.

ಹಳೆಯ ಕಾನೂನು ಮತ್ತೆ ಬಂತು. ಇವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಏನು ಕೊಡಲಿ ಎಂದು ನಾಡಗೌಡ ಎದ್ದು ಹೋದ. ಯಾರೂ ಜಟ್ಟೆಪ್ಪನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಲೆ ಮುಂದೆ ಒಬ್ಬನೇ ಕೂತಾಗ ಚಾವಡಿಯಲ್ಲಿ ತಾನಾಡಿದ ಮಾತನ್ನು ಅವನು ಮತ್ತೆ ಮತ್ತೆ ಆಡಿ ನೋಡುತ್ತಾನೆ. ಅದರಲ್ಲಿ ಸುಳ್ಳು ಸಿಗುವುದಿಲ್ಲ. ಕಳ್ಳನ ವಿಷಯ ಸರಿಯಾಗಿಯೇ ಹೇಳಿದ್ದ. ತನ್ನ ವಿಷಯ ಯೋಚಿಸಿರಲಿಲ್ಲ.

ನೀತಿ: ಕಳ್ಳನಿಗೆ ಹೆದರಿ ಆಯುಧ ಹಿಡಿಯುವವನು ಮೊದಲು ತನ್ನ ಸಿಟ್ಟಿಗೆ ಹೆದರಬೇಕು. ಕಳ್ಳ ಬರಬಹುದು, ಬರದೆಯೂ ಇರಬಹುದು. ಸಿಟ್ಟು ಮಾತ್ರ ಯಾವಾಗಲೂ ಜೊತೆಗೇ ಇರುತ್ತದೆ.