ಅರಗು ಒತ್ತಿದ ಹೆಂಡದ ಗಡಿಗೆ

ಬಿಳಿಗಲ್ಲುಕೋಟೆಯ ದಿವಾನ ಸೂರಪ್ಪಯ್ಯನ ಮಡಿ ಎಂಥದ್ದು ಅಂತೀರಿ? ಹೆಂಡದ ಗಾಳಿ ಸೋಕಿದರೂ ಸ್ನಾನ ಮಾಡುವ ಜನ ನಾವು ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ದಿನಕ್ಕೆ ಮೂರು ಸಲ ಯಾಕೆ ಸ್ನಾನ ಮಾಡುತ್ತಾನೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ಕೋಟೆ ಬಾಗಿಲ ಹೆಂಡದ ಗುಡಿಸಲಲ್ಲಿ ದಿನಾ ಹೊಡೆದಾಟ ಆಗುತ್ತದೆ ಅಂತ ಅರಸು ಮುದ್ದಪ್ಪನಾಯಕ ಅದನ್ನು ಕಿತ್ತುಹಾಕಿಸಿದ. ಇನ್ನು ಮೇಲೆ ಕುಡಿಯುವವರು ಮನೆಯಲ್ಲೇ ಕುಡಿಯಲಿ, ಹೆಂಡ ಮನೆಬಾಗಿಲಿಗೇ ಹೋಗಲಿ ಅಂದ. ಅದಕ್ಕೆ ಕಟ್ಟಳೆ ಬರೆಯುವ ಕೆಲಸ ದಿವಾನನ ಪಾಲಿಗೆ ಬಂತು.

ದಿವಾನ ಬರೆದ. ಪ್ರತಿ ಗಡಿಗೆಯ ಬಾಯಿಗೂ ಅರಗು ಸುರಿದು ಅರಮನೆ ಮುದ್ರೆ ಒತ್ತಬೇಕು. ಮನೆ ಮುಟ್ಟುವ ಮುಂಚೆ ಮುದ್ರೆ ಒಡೆದರೆ ಹೊತ್ತವರೇ ಕಳ್ಳರು, ಅವರ ಈಚಲು ಮರ ಅರಮನೆಗೆ ಸೇರಬೇಕು.

"ಈ ಕಟ್ಟಳೆಯಲ್ಲಿ ಇರುವೆ ತೂರಲೂ ಸಂದಿಲ್ಲ, ಪ್ರಭು," ಅಂತ ಸಭೆಯಲ್ಲೇ ಮೀಸೆ ತಿರುವಿದ.

ಇರುವೆ ತೂರಲಿಲ್ಲ, ನಿಜ. ತೂರಿದವನು ದಿವಾನನ ಬಾಮೈದ. ಕೆರೆ ಹಿಂದಿನ ಲಕ್ಕವ್ವನ ನಲವತ್ತು ಈಚಲು ಮರದ ಮೇಲೆ ಅವನು ಮೂರು ವರ್ಷದಿಂದ ಕಣ್ಣಿಟ್ಟಿದ್ದ. ಅರಮನೆಗೆ ಸೇರಿದ ಮರ ಗುತ್ತಿಗೆಗೆ ಯಾರಿಗೆ ಹೋಗುತ್ತದೆ ಅನ್ನೋದನ್ನು ಬಾಯಿಬಿಟ್ಟು ಹೇಳಬೇಕೆ?

ಲಕ್ಕವ್ವ ಗಂಡ ಸತ್ತ ಮೇಲೆ ಆ ಮರಗಳನ್ನೇ ನಂಬಿ ಬದುಕಿದವಳು. ಮೊದಲ ದಿನವೇ ಅವಳು ಹೊತ್ತ ಐದು ಗಡಿಗೆಯಲ್ಲಿ ಮೂರು ಬೀದಿಯಲ್ಲೇ ಢಬ್ ಅಂದವು. ತಲೆಯಿಂದ ಸೆರಗಿನವರೆಗೂ ನೊರೆ. ಬಾಮೈದ ಅಲ್ಲೇ ಮೂಲೆಯಲ್ಲಿ ಕಾದಿದ್ದನಂತೆ, ಕೈ ಹಿಡಿದು ಸಭೆಗೆ ಎಳೆತಂದ.

"ಬುದ್ಧಿ, ಹೆಂಡಕ್ಕೆ ಉಸಿರುಂಟು," ಅಂದಳು ಲಕ್ಕವ್ವ. "ಅದಕ್ಕೇ ನಾವು ಗಡಿಗೆ ಬಾಯಿಗೆ ಈಚಲ ಗರಿ ಸಡಿಲವಾಗಿ ತುರುಕುತ್ತೀವಿ. ಬಿಗಿಯಾಗಿ ಬಾಯಿ ಮುಚ್ಚಿದರೆ ಎದೆ ಒಡಕೊಳ್ಳುತ್ತೆ. ನಾನು ಕದ್ದಿಲ್ಲ."

ದಿವಾನ ಕಿವಿ ಮುಚ್ಚಿಕೊಂಡ. "ಗಡಿಗೆ ತಾನಾಗಿ ಒಡೆಯುತ್ತದೆಯೆ? ನಮಗಂತೂ ತಿಳಿಯದಪ್ಪ. ಈ ಸಭೆಯಲ್ಲಿ ಹೆಂಡದ ಗುಣ ಬಲ್ಲವರು ಇದ್ದರೆ ಎದ್ದು ಹೇಳಲಿ."

ಯಾರು ಏಳುತ್ತಾರೆ? ಎದ್ದರೆ ಕುಡಿಯುತ್ತೇನೆ ಅಂತ ಒಪ್ಪಿಕೊಂಡ ಹಾಗೆ. ಪುರಾಣದ ಭಟ್ಟರು ಮೇಲಿನ ತೊಲೆ ನೋಡಿದರು. ಸೇನಾಪತಿ ತನ್ನ ಉಗುರು ನೋಡಿಕೊಂಡ. ಕಟ್ಟಳೆಗೂ ಮುಂಚಿನಿಂದ ಕದ್ದುಮುಚ್ಚಿ ಇದೇ ಲಕ್ಕವ್ವನ ಕೈಯಿಂದ ಹಿತ್ತಲ ಬಾಗಿಲಲ್ಲಿ ಗಡಿಗೆ ಇಸಿದುಕೊಂಡ ಮಹನೀಯರೆಲ್ಲ ಅವಳನ್ನು ಈಗಲೇ ಮೊದಲ ಸಲ ಕಂಡವರ ಹಾಗೆ ಕೂತಿದ್ದರು. ನಾಳೆ ಮಧ್ಯಾಹ್ನ ತೀರ್ಪು ಅಂದ ಅರಸು, ಯಾಕೋ ಅವಳ ಮುಖ ನೋಡದೆ.

ಅರಸನಿಗೆ ಎಲೆಅಡಿಕೆ ಮಡಿಸಿಕೊಡುವ ಸಂಬಣ್ಣ ಪಕ್ಕದಲ್ಲೇ ನಿಂತು ಇದನ್ನೆಲ್ಲ ನೋಡಿದ. ಅವನ ಕೈಯಲ್ಲಿ ಸುಣ್ಣ, ನಾಲಿಗೆ ಅದಕ್ಕಿಂತ ಖಾರ. ಸಂಜೆ ಲಕ್ಕವ್ವನ ಮನೆಗೆ ಹೋಗಿ ಏನೋ ಮಾತಾಡಿ ಬಂದ.

ಮರುದಿನ ತುಂಬಿದ ಸಭೆಗೆ ಒಂದು ಗಡಿಗೆ ಹೊತ್ತು ತಂದ. ಬಾಯಿಗೆ ಬೆರಳು ದಪ್ಪ ಅರಗು, ಮೇಲೆ ದಿವಾನರ ಕಚೇರಿಯಲ್ಲೇ ಒತ್ತಿಸಿದ ಅರಮನೆ ಮುದ್ರೆ. ನೆಟ್ಟಗೆ ಹೋಗಿ ದಿವಾನನ ತೊಡೆಯ ಮೇಲೆ ಕೂರಿಸಿದ.

"ಬೆಳಗ್ಗೆ ಇಳಿಸಿದ್ದು, ಸ್ವಾಮಿ. ಬಿಸಿಲಲ್ಲಿ ಊರು ಮೂರು ಸುತ್ತು ಹಾಕಿ ಕುಲುಕಿಸಿದ್ದೇನೆ. ಗಡಿಗೆ ತಾನಾಗಿ ಒಡೆಯುವುದಿಲ್ಲ ಅಂದಿರಲ್ಲ, ಪ್ರಭುಗಳಿಗೆ ಒಂದು ಎಲೆ ಮಡಿಸಿಕೊಡುವವರೆಗೆ ಹೀಗೇ ಹಿಡಿದಿರಿ. ಒಡೆಯದಿದ್ದರೆ ಲಕ್ಕವ್ವ ಕಳ್ಳಿ. ಮರ ನಿಮ್ಮವರಿಗೆ."

ದಿವಾನನ ಮುಖ ಸುಣ್ಣ ಹೆಚ್ಚಾದ ಎಲೆಯ ಹಾಗಾಯಿತು. "ಹೆಂಡ ಮುಟ್ಟಿದರೆ ಮೈಲಿಗೆ," ಅಂದ.

"ಹೆಂಡ ಮುದ್ರೆಯ ಒಳಗಿದೆ ಸ್ವಾಮಿ, ನಿಮ್ಮ ಕಟ್ಟಳೆಯ ಮೇಲೆ ನಿಮಗೇ ನಂಬಿಕೆ ಇಲ್ಲವೆ?"

ಸಂಬಣ್ಣ ಎಲೆಯ ನಾರು ಒಂದೊಂದಾಗಿ ತೆಗೆದ. ಇಷ್ಟು ನಿಧಾನವಾಗಿ ಅವನು ಜನ್ಮದಲ್ಲಿ ಎಲೆ ಮಡಿಸಿರಲಿಲ್ಲ. ದಿವಾನ ಗಡಿಗೆಯನ್ನು ತೊಡೆಯಿಂದ ಮೊಣಕಾಲಿಗೆ ತಂದ, ಮೊಣಕಾಲಿಂದ ನೆಲಕ್ಕಿಳಿಸಿದ, ಕಾಲಲ್ಲೇ ಮೆಲ್ಲಗೆ ಭಟ್ಟರ ಕಡೆ ತಳ್ಳಿದ. ಭಟ್ಟರು ಪಂಚೆ ಎತ್ತಿಕೊಂಡು ಎರಡು ಮಾರು ಹಿಂದೆ ಸರಿದರು.

ಸಂಬಣ್ಣ ಬಗ್ಗಿ ಗಡಿಗೆಗೆ ಕಿವಿ ಕೊಟ್ಟ. "ಒಳಗೆ ಗುಯ್ ಅನ್ನುತ್ತಾ ಇದೆಯಲ್ಲ," ಅಂದ, ತನಗೇ ಹೇಳಿಕೊಂಡ ಹಾಗೆ.

ಅಷ್ಟೇ. ದಿವಾನ ಭಟ್ಟರನ್ನು ದಾಟಿ ಕಂಬದ ಹಿಂದೆ ಹಾರಿದ. ಸೇನಾಪತಿ ಗುರಾಣಿ ಅಡ್ಡ ಹಿಡಿದು ಅದರ ಹಿಂದೆ ಮುದುಡಿದ. ಒಂದು ಗಳಿಗೆಯಲ್ಲಿ ಸಭೆ ಖಾಲಿ. ಜಾಗ ಬಿಟ್ಟು ಕದಲದವರು ಇಬ್ಬರೇ, ಲಕ್ಕವ್ವ ಮತ್ತು ಜನ್ಮದಲ್ಲಿ ಹೆಂಡ ಕಾಣದ ಒಬ್ಬ ಮುದುಕ ಲೆಕ್ಕಿಗ. ಎಲ್ಲ ಯಾಕೆ ಓಡಿದರು ಅಂತ ಆತ ಪಾಪ ಲಕ್ಕವ್ವನನ್ನೇ ಕೇಳುತ್ತಿದ್ದ.

ಸಂಬಣ್ಣ ಅರಗು ಒಡೆದ. ಗಡಿಗೆ ಎತ್ತಿ ಗಟಗಟ ಕುಡಿದ. "ಬಾವಿ ನೀರು," ಅಂದ. "ಹೆಂಡ ಅಂದರೇನು ಅಂತ ತಿಳಿಯದವರು ಈ ತಾತನ ಹಾಗೆ ಕೂತೇ ಇರುತ್ತಾರೆ, ಪ್ರಭು. ಬಾಯಿ ಕಟ್ಟಿದ ಗಡಿಗೆ ಒಡೆಯುತ್ತದೆ ಅಂತ ಚೆನ್ನಾಗಿ ಬಲ್ಲವರು ಓಡಿದರು. ದಿವಾನರು ಬಲ್ಲರು. ಗೊತ್ತಿದ್ದೇ ಈ ಕಟ್ಟಳೆ ಬರೆದರು."

ದಿವಾನ ಕಂಬದ ಹಿಂದೆ ಇನ್ನಷ್ಟು ಸರಿದ.

ಉತ್ತರ ಬಂದದ್ದು ಸಿಂಹಾಸನದ ಹಿಂದಿನಿಂದ. ಅರಸು ಪೇಟ ಸರಿಮಾಡಿಕೊಳ್ಳುತ್ತಾ ಮೇಲೆದ್ದ. ಮರ ಲಕ್ಕವ್ವನಿಗೇ ಉಳಿಯಲಿ, ಗಡಿಗೆಗೆ ಮೊದಲಿನ ಹಾಗೆ ಗರಿಯೇ ಇರಲಿ ಅಂದ. ಒಡೆದ ಮೂರು ಗಡಿಗೆಯ ಬದಲಿಗೆ ಹೊಸ ಮೂರನ್ನು ದಿವಾನ ತಾನೇ ಹೊತ್ತು ಕೆರೆ ಹಿಂದಕ್ಕೆ ಮುಟ್ಟಿಸಲಿ, ಹಗಲು ಹೊತ್ತು, ದೊಡ್ಡ ಬೀದಿಯಲ್ಲೇ ಹೋಗಲಿ ಅಂದ. ಆಮೇಲೆ ನಗು ತಡೆಯಲಾರದೆ ಸಂಬಣ್ಣನ ಕಡೆ ತಿರುಗಿದ.

"ಓಡಿದವರ ಪಟ್ಟಿ ಬರೆದುಕೊಂಡೆಯೇನೋ?"

"ಎಲ್ಲಿ ಬರೆಯಲಿ, ಪ್ರಭು," ಅಂದ ಸಂಬಣ್ಣ, ಮಡಿಸಿದ ಎಲೆ ಕೈಗಿಡುತ್ತಾ. "ಮೊದಲ ಹೆಸರಿಗೇ ಕೈ ನಡುಗಿತು."